ಸೈಕಲ್ ದಾರಿಯ ವಂದನಾರ್ಪಣೆ

ಸಭೆಯ ಅಧ್ಯಕ್ಷರಾದ ಶಿದ್ಲಿಂಗಪ್ಪನವರೇ, ಧಾರವಾಡದಿಂದ ದಯಮಾಡಿಸಿದ ಮುಖ್ಯ ಅತಿಥಿಗಳೇ, ಬಿಸಿಲಿನಲ್ಲಿ ಸೈಕಲ್ ಹಿಡಿದುಕೊಂಡೇ ನಿಂತಿರುವ ಸಭಿಕರೇ,

ಸವಣೂರಿನ ಸೈಕಲ್ ದಾರಿಯ ಈ ಉದ್ಘಾಟನೆಯಲ್ಲಿ ವಂದನಾರ್ಪಣೆ ನನ್ನ ಪಾಲಿಗೆ ಬಂದಿದೆ. ನಾನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು, ಟಪಾಲು ಕಚೇರಿಯಲ್ಲಿ ಕಾಗದ ವಿಂಗಡಿಸುವವನು, ಭಾಷಣದವನಲ್ಲ. “ಜಯತೀರ್ಥರಾಯರ, ಎರಡ ಮಾತು ಸಾಕ್ರಿ, ಊಟ ಆರಾಕತ್ತೇತಿ” ಎಂದು ಅಧ್ಯಕ್ಷರೂ ಕಿವಿಯಲ್ಲಿ ಹೇಳಿದ್ದಾರೆ.

ಮೊದಲ ವಂದನೆ ಅವರಿಗೇ. ಡಾಂಬರಿನ ಮೇಲೆ ಸುಣ್ಣದ ಗೆರೆ ಎಳೆದರೆ ಸೈಕಲ್ ದಾರಿ ಆಯಿತು ಎಂದು ಸಮಿತಿಯ ಮೊದಲ ಸಭೆಯಲ್ಲಿ ಅವರು ಹೇಳಿದರು. ಗೆರೆ ಕಂಡು ಲಾರಿ ನಿಲ್ಲುವುದೇ? ಕಾರು ಹೆದರುವುದೇ? ಗೆರೆಗೆ ಬೆಲೆ ಕೊಡುವ ಗುಣ ನಮ್ಮೂರಿನ ಹುತುತು ಆಟಗಾರರಿಗೂ ಇಲ್ಲ. ಕಲ್ಲೇ ಬೇಕು ಎಂದು ನಾನು ಹಟ ಹಿಡಿದೆ. ಗೌಂಡಿ ದಸ್ತಗೀರಸಾಬರು ಮೊಣಕಾಲೆತ್ತರದ ಕಲ್ಲುಗಳನ್ನು ಸಾಲಾಗಿ ಹುಗಿದರು. ಆ ಬದಿ ಮೋಟಾರು, ಈ ಬದಿ ಸೈಕಲ್. ವೀಳ್ಯದೆಲೆಯ ಪೆಂಡಿ ಹೇರಿದ ಎರಡು ಸೈಕಲ್ ಎದುರುಬದುರಾಗಿ ದಾಟುವಷ್ಟು ಅಗಲ. ಕಲ್ಲುಗಳ ನಡುವೆ ಸೈಕಲ್ ಹಾಯುತ್ತದೆ, ಕಾರು ಹಾಯುವುದಿಲ್ಲ.

ಇಂದು ಬೆಳಿಗ್ಗೆ ತೊಡಕಾದದ್ದು ಅದೇ. ಪೆಂಡಾಲನ್ನು ಸೈಕಲ್ ದಾರಿಯ ಮೇಲೆಯೇ ಹಾಕಿದ್ದೇವೆ. ಮುಖ್ಯ ಅತಿಥಿಗಳು ನಡೆದು ಬರುವುದು ಚಂದವೇ?

“ನಾಕ ಕಲ್ಲ ಕೀಳೋ ದಸ್ತಗೀರ” ಎಂದರು ಅಧ್ಯಕ್ಷರು.

“ಮೊನ್ನೆನ ಹುಗದೇನ್ರಿ ಗೌಡ್ರ. ಸಿಮೆಂಟ ಇನ್ನೂ ಹಸಿ ಐತಿ.”

“ಹಸಿ ಇದ್ರ ಚೊಲೋನ ಆತಲ್ಲ, ಲಗೂನ ಬರತಾವ!”

“ತಿರುಗಿ ಯಾವಾಗ ಹುಗೀಲ್ರಿ?”

“ಮುಂದಿನ ಮೀಟಿಂಗಿನ್ಯಾಗ ನೋಡೂಣು.”

ಹೀಗಾಗಿ ನಮ್ಮ ಸೈಕಲ್ ದಾರಿಯ ಮೇಲೆ ಮೊದಲು ಓಡಿದ್ದು ಮುಖ್ಯ ಅತಿಥಿಗಳ ಕಾರು. ಅದರ ಹಿಂದೆ ಜೀಪು. ಮೆರವಣಿಗೆ ಇರಬೇಕೆಂದು ತಿಳಿದು ಮೆಣಸಿನಕಾಯಿ ಲಾರಿಯೊಂದು ಅದರ ಹಿಂದೆ. ಈಗ ಆ ಲಾರಿಯ ನೆರಳಿನಲ್ಲಿ ನಮ್ಮ ಅಡುಗೆಯವರು ಕೂತಿದ್ದಾರೆ. ನೆರಳು ಕೊಟ್ಟ ಚಾಲಕರಿಗೂ ವಂದನೆ.

ಸೈಕಲ್ಲಿನ ಬಗ್ಗೆ ನಾನು ಮಾತಾಡುವುದೇ ನಗೆಯ ಸಂಗತಿ. ನನಗೆ ಸೈಕಲ್ ಬರುವುದಿಲ್ಲ. ನಗಬಹುದು, ಆಗಲೂ ನಕ್ಕಿದ್ದೀರಿ. ನನ್ನ ಹೆಂಡತಿ ಗಂಗಾಬಾಯಿ ನರ್ಸ್ ಆಗಿದ್ದಳು. ಹಳ್ಳಿಯ ಬಾಣಂತಿಯರನ್ನು ನೋಡಿ ಬರಲು ಎಪ್ಪತ್ತೆಂಟರಲ್ಲಿ ಸೈಕಲ್ ಕೊಂಡಳು. ದಾರಿಯಲ್ಲಿ ನನ್ನನ್ನು ಕಚೇರಿಗೆ ಬಿಡುತ್ತಿದ್ದಳು. ಅವಳು ತುಳಿಯುವುದು, ನಾನು ಕ್ಯಾರಿಯರ್ ಮೇಲೆ ಕೂರುವುದು. “ರಾಯರ, ತಿಕೀಟು ತಗಿಸೀರೋ ಇಲ್ಲೋ?” ಎಂದು ನಿಮ್ಮಲ್ಲೇ ಕೆಲವರು ಕೂಗುತ್ತಿದ್ದಿರಿ. ನಾನು ತಲೆ ತಗ್ಗಿಸಿದರೆ ಅವಳು, “ತಲಿ ಎತ್ರಿ. ಮುಂದ ನಾ ನೋಡ್ತೇನಿ, ಹಿಂದ ನೀವು ನೋಡ್ರಿ” ಎನ್ನುತ್ತಿದ್ದಳು. ನೋಡುತ್ತಿದ್ದೆ. “ಲಾರಿ ಬಂತು” ಎಂದರೆ ಸಾಕು, ಬದಿಗೆ ತೆಗೆದುಕೊಳ್ಳುವಳು. ಸೈಕಲ್ಲಿನಲ್ಲಿ ನನಗೆ ಬರುತ್ತಿದ್ದ ಕೆಲಸ ಅದೊಂದೇ.

ಹೋದ ವರ್ಷ ಇದೇ ಶಿಗ್ಗಾಂವಿ ರಸ್ತೆಯ ತಿರುವಿನಲ್ಲಿ ಹಿಂದಿನಿಂದ ಲಾರಿ ಬಂದಾಗ ಅವಳು ಒಬ್ಬಳೇ ಇದ್ದಳು. ಕ್ಯಾರಿಯರ್ ಖಾಲಿ ಇತ್ತು.

ಕ್ಷಮಿಸಿ. ವಂದನೆಗೆ ಬರುತ್ತೇನೆ. ಧ್ವನಿವರ್ಧಕದವರಿಗೆ, ಹಾರ ಕಟ್ಟಿದವರಿಗೆ, ಕತ್ತರಿ ತಂದವರಿಗೆ ವಂದನೆಗಳು.

ಮುಂದಿನ ಸಾಲಿನಲ್ಲಿ ನನ್ನ ಮಗಳು ವಿಮಲಾ ಕೂತಿದ್ದಾಳೆ. ನಾಳೆಯಿಂದ ಅವಳು ರಿಪೇರಿ ಮಾಡಿಸಿದ ಅವ್ವನ ಸೈಕಲ್ ಮೇಲೆ ಹೈಸ್ಕೂಲಿಗೆ ಹೋಗುತ್ತಾಳೆ. ಕಿತ್ತ ಕಲ್ಲುಗಳನ್ನು ನೋಡಿ ನನ್ನನ್ನು ಕೇಳಿದಳು, “ಅಪ್ಪಾ, ನಾಳೆ ನಾ ಯಾ ಕಡಿಂದ ಹೋಗ್ಲಿ?” ವೇದಿಕೆಯ ಮೇಲಿನ ಹಿರಿಯರಲ್ಲಿ ಯಾರಾದರೂ ಉತ್ತರ ಹೇಳುವಿರಾ?

ದಸ್ತಗೀರಸಾಬರು ಹಾರೆ ಹಿಡಿದು ನಿಂತಿದ್ದಾರೆ. ಕಲ್ಲು ತಿರುಗಿ ಹುಗಿಯಲು ಅಪ್ಪಣೆ ಬೇಕಂತೆ. ಅಪ್ಪಣೆ ಮುಂದಿನ ಮೀಟಿಂಗಿನಲ್ಲಿದೆ. ಅಲ್ಲಿಯವರೆಗೆ ಕಲ್ಲು ಕಿತ್ತ ಜಾಗದಲ್ಲಿ ನಾನು ನಿಲ್ಲುತ್ತೇನೆ. ಎತ್ತರದಲ್ಲಿ ಕಲ್ಲಿಗಿಂತ ಕಡಿಮೆ ಇಲ್ಲ, ಹಿಂದೆ ನೋಡುವ ಕೆಲಸವೂ ಗೊತ್ತಿದೆ. ಈಗಲೇ ಇಳಿದು ಹೋಗುತ್ತೇನೆ. ಮುಖ್ಯ ಅತಿಥಿಗಳ ಕಾರು ಇನ್ನೂ ಒಳಗೇ ಇದೆ, ಹೊರಬೀಳಲು ದಾರಿ ಅದೊಂದೇ ಎಂಬುದನ್ನು ಬಲ್ಲೆ. ಅಪ್ಪಣೆ ಬೇಗ ಸಿಕ್ಕರೆ ಅವರೂ ಬೇಗ ಧಾರವಾಡ ಮುಟ್ಟುತ್ತಾರೆ.

ಸೈಕಲ್ ಹಿಡಿದು ನಿಂತವರಲ್ಲಿ ಯಾರಾದರೂ ಬಂದು ನನ್ನ ಪಕ್ಕದಲ್ಲಿ ನಿಂತರೆ, ಅವರಿಗೆ ಈಗಲೇ ವಂದನೆ ಹೇಳಿಬಿಡುತ್ತೇನೆ.

ನಮಸ್ಕಾರ.