ಪಾಲಿಶ್ ಸ್ಲ್ಯಾಬ್ ಎತ್ತಿದ ಪಂಪು

ಇಳಕಲ್‌ನಿಂದ ಬಾಗಲಕೋಟಿಗೆ ಹೊಂಟ ಬಸ್ಸಿನಾಗ ನನ್ನ ಮುಂದಿನ ಸೀಟಿನ್ಯಾಗ ನಮ್ಮೂರ ಗ್ರಾನೈಟ್ ಫ್ಯಾಕ್ಟರಿ ಮ್ಯಾನೇಜರ್ ಕೃಷ್ಣಾಜಿ, ಮೇಸ್ತ್ರಿ ಧರ್ಮರಾಜ ಕುಂತಿದ್ರು.

"ನೀಲಪ್ಪನ ಕಾಲು?" ಕೃಷ್ಣಾಜಿ ಫ್ಯಾಕ್ಟರಿ ಆಳಿನ ಬಗ್ಗೆ ಕೇಳಿದ್ರು.

"ಮೊಣಕಾಲತನಕ ತಗದಾರ್ರಿ."

"ಕಲ್ಲಿಗೆ ಕಪ್ ಅಂಟಿಸಿ, ಗಾಳಿ ಜಗ್ಗಿ ಎತ್ತಾಕ ಭಾಳ ಜೋರು ಜಗ್ಗೋ ವ್ಯಾಕ್ಯೂಮ್ ಪಂಪನ್ನ ತಂದಿದ್ವಲ್ಲೋ. ಸ್ಲ್ಯಾಬ್ ಹೆಂಗ ಕಳಚಿ ಅಂವನ ಕಾಲ ಮ್ಯಾಲ ಬಿತ್ತು?"

"ಪಾಲಿಶ್ ಇಲ್ಲದ ಒರಟು ಸ್ಲ್ಯಾಬಿನ ಸಂದಿಯಿಂದ ಗಾಳಿ ಕಪ್ಪಿನ ಒಳಗ ಬರ್ತೈತ್ರಿ. ಅಷ್ಟೂ ಗಾಳಿ ಆಗಿಂದಾಗ ಎಳದು ಹೊರಗ ಹಾಕೋ ದೊಡ್ಡ ಪಂಪು ಬೇಕಿತ್ತು."

"ಕೊಳ್ಳೂ ಮುಂದ ಎತ್ತಿ ನೋಡಿದ್ವಲ್ಲ?"

"ಪಾಲಿಶ್ ಸ್ಲ್ಯಾಬ್ ಎತ್ತಿ ನೋಡಿದ್ವಿರಿ. ಒರಟೂ ಒಂದು ಎತ್ತಿ ನೋಡೂಣ್ರಿ ಅಂತ ಒಬ್ಬಂವ ಅಂದಾ. ನೀವು ಟೈಮಿಲ್ಲ ಅಂದ್ರಿ."

"ಯಾರೋ ಅಂವ?"

"ಈಗ ನೋಡಾಕ ಹೊಂಟೀವಲ್ರಿ, ಅಂವನ."

ದವಾಖಾನಿ ಸ್ಟಾಪ್ ಬಂತು. ಕೃಷ್ಣಾಜಿ ಏಳಲಿಲ್ಲ. ಧರ್ಮರಾಜ ಅವರ ತೊಡಿ ಮ್ಯಾಲಿನ ಹಣ್ಣಿನ ಚೀಲ ತಗೊಂಡು ಒಬ್ಬನ ಇಳಿದ.