ಸಹಿ ಬರುವವರೆಗೆ

ಗಂಡನ ಮರಣ ಪ್ರಮಾಣಪತ್ರಕ್ಕಾಗಿ ಸರ್ಕಾರಿ ಆಸ್ಪತ್ರೆಯ ದಾಖಲೆ ಕೊಠಡಿಯ ಮುಂದೆ ನಿಂತಿದ್ದೆ. ನನ್ನ ಮುಂದೆ ಇಬ್ಬರು ಫಿಸಿಯೋಥೆರಪಿಸ್ಟರು ಕೇಸ್ ಶೀಟುಗಳನ್ನು ಹಿಂದಿರುಗಿಸಲು ಕಾಯುತ್ತಿದ್ದರು. ಕಿರಿಯವಳೇ ಮಾತು ತೆಗೆದಳು.

"ಅಕ್ಕಾ, ಡೈರೆಕ್ಟರ್ ಸಾಹೇಬ್ರು ಬೆಳಿಗ್ಗೆಯಿಂದ ನಿಮ್ಮನ್ನೇ ಕೇಳ್ತಿದ್ದಾರೆ. ಅವರ ಮಂಡಿ ಆಪರೇಷನ್ ಆಗಿ ಮೂರು ದಿನ ಆಯ್ತು."

"ವಾರ್ಡ್ ಮುಖ್ಯಸ್ಥರ ಸಹಿ ಬಂತಾ?"

"ಅವರು ಸೋಮವಾರದವರೆಗೂ ರಜೆ."

"ಹಾಗಾದ್ರೆ ಸೋಮವಾರ ನೋಡೋಣ."

"ಅಷ್ಟರಲ್ಲಿ ಮಂಡಿ ಬಿಗಿದುಕೊಳ್ಳುತ್ತೆ. ತಾವೇ ಸಹಿ ಹಾಕ್ತಾರಂತೆ."

"ರೋಗಿ ತನ್ನ ಚೀಟಿಗೆ ತಾನೇ ಸಹಿ ಹಾಕೋ ಹಾಗಿಲ್ಲ ಕಣೇ. ನಮ್ಮ ವಿಭಾಗ ಮುಚ್ಚಿ, ನಮ್ಮನ್ನ ವಾರ್ಡುಗಳಿಗೆ ಹಂಚಿ, ಸಹಿ ಇಲ್ಲದೆ ಯಾರನ್ನೂ ಮುಟ್ಟಬೇಡಿ ಅಂತ ಬರೆದೋರು ಯಾರು?"

"ಅವರೇ. ಈಗ ಅವರ ಬುಡಕ್ಕೇ ಬಂತು."

"ಒಂಬತ್ತನೇ ಹಾಸಿಗೆ ಹುಡುಗನ ಎದೇಲಿ ಕಫ ಕಟ್ಟಿತ್ತು. ಸಹಿ ಇಲ್ಲದೆ ಹೋಗಿ ಬೆನ್ನು ತಟ್ಟಿ ತೆಗೆದೆ. ಸಂಜೆಗೆ ನೋಟಿಸ್ ಕೊಟ್ರು. ಮಾರನೇ ದಿನ ಹೆದರಿ ಹೋಗ್ಲಿಲ್ಲ. ಸಹಿ ಬಂದಾಗ ಹಾಸಿಗೆ ಖಾಲಿ."

"ಸಾಹೇಬ್ರು ನೋವಿಗೆ ಅಳ್ತಿದ್ದಾರೆ, ಅಕ್ಕಾ."

"ಅಳಲಿ. ಆ ಹುಡುಗನ ಹೆಂಡತಿ ಎಷ್ಟು ಅತ್ತಳೋ, ಯಾರು ಕೇಳಿದ್ರು?"

ಕೇಸ್ ಶೀಟುಗಳನ್ನು ಕಿಟಕಿಯೊಳಗೆ ತಳ್ಳಿ, ಹಿಂದೆ ತಿರುಗಿ ನೋಡದೆ ಇಬ್ಬರೂ ಪಕ್ಕದ ಬಾಗಿಲಿನಿಂದ ಹೊರಟುಹೋದರು.

ಗುಮಾಸ್ತ ಹಾಸಿಗೆಯ ಸಂಖ್ಯೆ ಕೇಳಿದ. ಒಂಬತ್ತು ಎಂದೆ.

ನಾನು ಅತ್ತಿರಲಿಲ್ಲ. ಆದರೂ ಆ ಹಿರಿಯವಳನ್ನು ಕರೆದು ತಿದ್ದಲಿಲ್ಲ.