ದುಶ್ಶಾಸನನ ರಕ್ತವೂ ಸನ್ಮಾನದ ಡ್ರಮ್ಮೂ

ಮಾಜಾಳಿಯ ಮಹಾಜನಗಳೇ! ಕುರ್ಚಿ ಸಿಕ್ಕವರೇ, ಸಿಗದೆ ಕಿಟಕಿಗೆ ಜೋತುಬಿದ್ದವರೇ! ಅಧ್ಯಕ್ಷರೂ ಬೋಟುಗಳ ಒಡೆಯರೂ ಆದ ಜಗದೀಶಣ್ಣನವರೇ, ಕಾರವಾರದಿಂದ ದಯಮಾಡಿಸಿದ ಡಾಕ್ಟರ್ ವಿನುತಾ ಬಾಯಿಯವರೇ!

ನಾಟ್ಯಸಂಘದ ವಾರ್ಷಿಕೋತ್ಸವದಲ್ಲಿ ಈ ಬೊಮ್ಮಯ್ಯನಿಗೆ ಶಾಲು ಹೊದಿಸಿದಿರಿ. ಮೇ ತಿಂಗಳ ಸೆಕೆಯಲ್ಲಿ ಶಾಲು! ನಿಮ್ಮ ನಾಟಕದ ದುಶ್ಶಾಸನನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಉಂಟೇ? ಜೊತೆಗೆ, ಇಗೋ, ಜಗದೀಶಣ್ಣನವರ ಹೊಸ ನೀರಿನ ಡ್ರಮ್ಮು, ಕೇರಿಯ ಮನೆಮನೆಗೂ ಅವರು ಮೊದಲೇ ಕೊಟ್ಟಂಥದ್ದೇ. ಉಪ್ಪುಗಾಳಿಗೆ ತುಕ್ಕು ಹಿಡಿಯಬಾರದೆಂದು ಒಳಗೆಲ್ಲ ಕೆಂಪು ಬಣ್ಣ. ಬೋಟಿನ ಕಬ್ಬಿಣಕ್ಕೆ ಬಳಿದು ಉಳಿದದ್ದನ್ನು ಅವರೇ ಮುಂದೆ ನಿಂತು ಬಳಿಸಿದ್ದಾರೆ. ಬೇಸಿಗೆಯಲ್ಲಿ ಬಾವಿ ಉಪ್ಪಾದಾಗ ಟೆಂಪೋದ ಸಿಹಿನೀರು ನಿಲ್ಲುವುದು ಇಂಥದರಲ್ಲೇ ಅಲ್ಲವೇ? ಬಾಯಾರಿಕೆಗೆಂದು ಅದಕ್ಕೊಂದು ಹಿಡಿ ಹುಳಿ ಮುರುಗಲು ಸಿಪ್ಪೆ ಹಾಕದ ಮನೆ ನಮ್ಮ ವಾಡೆಯಲ್ಲಿದೆಯೇ?

ಸಭಿಕರೇ, ನಾನು ರಕ್ತದ ಮನುಷ್ಯ! ಕುಂಕುಮ, ಬೆಲ್ಲದ ಪಾಕ, ಒಂದು ಬಲೂನು: ದುಶ್ಶಾಸನನ ಎದೆ ಸಿದ್ಧ. ಪಾಕ ತೆಳುವಾದರೆ ಮುಂದಿನ ಸಾಲಿನವರ ಪಂಚೆ ಹಾಳು. ಗಟ್ಟಿಯಾದರೆ ಭೀಮನ ಕೈ ನನ್ನ ಎದೆಗೇ ಅಂಟುತ್ತದೆ. ಆದರೆ ಹೋದ ಹೋಳಿಯ ನಾಟಕದಲ್ಲಿ ಭೀಮ, ಅಂದರೆ ನಮ್ಮ ತುಳಸಿದಾಸ, ತಗಡಿನ ಉಗುರಿನಿಂದ ನನ್ನನ್ನು ನಿಜವಾಗಿಯೇ ಗೀರಿಬಿಟ್ಟ. ಹರಿಯಿತು, ಹರಿಯಿತು, ಹರಿಯುತ್ತಲೇ ಇತ್ತು! ಅವನು ಕಿವಿಯಲ್ಲಿ, "ಬೊಮ್ಮಣ್ಣಾ, ಪಾಕ ಏನ್ ಚಲೋ ಆಗದೆ ಮಾರಾಯ, ಇನ್ನೂ ಬರ್ತೇ ಅದೆ!" ಎಂದ. ಸತ್ತವನು ಹೇಗೆ ಉತ್ತರಿಸಲಿ? ನೀವೋ, ಚಪ್ಪಾಳೆಯ ಮೇಲೆ ಚಪ್ಪಾಳೆ!

ಪರದೆ ಬಿತ್ತು. ರಕ್ತ ನಿಲ್ಲಲಿಲ್ಲ. ನನ್ನ ಹೆಂಡತಿ ಮಂಜಿ ಬಂದು, "ಸತ್ತದ್ ಸಾಕು, ಏಳಿ. ಇದೆಂತಾ ರಗ್ತಾ ನಿಮ್ದು, ನಿಲ್ಲೂದೇ ಇಲ್ಲ?" ಎಂದಳು.

ಅವತ್ತಿನಿಂದ ನನಗೊಂದು ಹುಚ್ಚು. ಯಾರ ಕೈ ಕೊಯ್ದರೂ ಹೋಗಿ ನೋಡುವುದು. ಬಲೆ ಬಿಡಿಸುವಾಗ ಗಾಯವಾದ ಕುಪ್ಪ, ಸುತ್ತಿದ ಬಟ್ಟೆ ರಕ್ತದಲ್ಲಿ ತೊಯ್ದು ಅದನ್ನು ಮತ್ತೆ ಮತ್ತೆ ಹಿಂಡಿದ್ದನ್ನು ಕಂಡೆ. "ನನ್ನ ಗಾಯ ನೋಡೂಕೆ ಟಿಕೇಟ್ ಇಡ್ಲಾ?" ಎಂದು ಬೈದ. ಬೈಯಲಿ! ಆದರೆ ನನ್ನ ಮಗಳು ವೈಜಯಂತಿ, ಅಂಕೋಲೆಯಿಂದ ಹೆರಿಗೆಗೆ ಬಂದವಳು, ಹಲ್ಲುಜ್ಜಿ ಉಗಿದಾಗ ಅದೂ ಕೆಂಪು. ಆಗ ನನ್ನ ಹುಚ್ಚಿನಲ್ಲಿ ನಗು ಉಳಿಯಲಿಲ್ಲ. ಮುಂದಿನ ತಿಂಗಳು ಹೆರಿಗೆ. ಅಲ್ಲಿ ಹರಿದ ರಕ್ತ ನಿಲ್ಲದಿದ್ದರೆ? ಅಲ್ಲಿ ಯಾವ ಪರದೆ ಬೀಳಬೇಕು?

ಮೊನ್ನೆ ನಾನು, ಮಂಜಿ, ಮಗಳು ಮೂವರೂ ಡಾಕ್ಟರ್ ಬಾಯಿಯವರ ಬಳಿ ಹೋದೆವು. ಅವರು ನನ್ನ ಬೆರಳು ಚುಚ್ಚಿ, ಕಾಗದಕ್ಕೆ ಒತ್ತಿ ಒತ್ತಿ, ರಕ್ತ ನಿಲ್ಲಲು ಎಷ್ಟು ಹೊತ್ತೆಂದು ಗಡಿಯಾರ ನೋಡಿದರು. ನಾನು ಕೇಳಿದೆ: ಬಾಯೀ, ನಿಲ್ಲಬೇಕೆಂದು ರಕ್ತಕ್ಕೆ ಹೇಳುವವರು ಯಾರು?

ಅವರು ನಕ್ಕು, "ಗಾಯ ಆದಲ್ಲಿಗೆ ರಕ್ತದ ಸಣ್ಣ ಸಣ್ಣ ಕಣಗಳು ಓಡಿ ಬರ್ತವೆ, ಎಳೆ ಎಳೆಯಾಗಿ ಬಲೆ ಕಟ್ಟಿಕೊಳ್ತದೆ," ಎಂದರು.

ಬಲೆ! ಕೇಳಿದಿರಾ? ನಮ್ಮ ಮೈಯೊಳಗೂ ಬಲೆ ನೇಯುವವರಿದ್ದಾರೆ! ಸೀಸ, ಪಾದರಸ, ಕ್ಯಾಡ್ಮಿಯಂ ಎಂಬ ಭಾರಲೋಹಗಳು ನೀರಿನೊಡನೆ ಒಳಹೊಕ್ಕರೆ ಆ ನೇಯ್ಗೆ ಕೆಡಬಹುದಂತೆ. ಒಮ್ಮೆ ಬೇಕಾದಲ್ಲಿ ಬಲೆ ಕಟ್ಟದು. ಒಮ್ಮೆ ಬೇಡದಲ್ಲಿ ಕಟ್ಟಿ ರಕ್ತನಾಳವನ್ನೇ ಮುಚ್ಚೀತು. ಯಾವಾಗ ಯಾವುದು? ದೊಡ್ಡ ದೊಡ್ಡವರೂ ಇನ್ನೂ ಹುಡುಕುತ್ತಿದ್ದಾರಂತೆ. ಎಂಥ ನಾಟಕ!

ನಮ್ಮ ಮನೆಯ ಡ್ರಮ್ಮಿನ ಬಣ್ಣ, ಸಿಪ್ಪೆಯ ವಿಷಯ ನಾನು ಹೇಳಿದಾಗ ಮಾತ್ರ ಅವರು ನಗಲಿಲ್ಲ. "ಆ ಬಣ್ಣದಲ್ಲಿ ಸೀಸ ಇರಬಹುದು. ಹುಳಿ ಬಿದ್ದರೆ ನೀರಿಗೆ ಇಳಿಯಬಹುದು. ಬಸುರಿಯರ ಒಸಡಿನಲ್ಲಿ ರಕ್ತ ಬರೋದು ಸಾಮಾನ್ಯ, ಹೆದರಬೇಡಿ. ನಿಮ್ಮ ಗಾಯದ ರಕ್ತಕ್ಕೂ ಸೀಸವೇ ಕಾರಣ ಅಂತ ಈಗಲೇ ಹೇಳಲಾರೆ, ನೀರಿನ ಪರೀಕ್ಷೆ ಆಗಲಿ. ಆದರೆ ಇವಳಿಗೆ ಆ ನೀರು ಇಂದಿನಿಂದಲೇ ಬೇಡ."

ಮಂಜಿ ಬಾಯಿಗೆ ಸೆರಗು ಒತ್ತಿಕೊಂಡು, "ಕಲಾಯಿ ಹೋದ ತಪ್ಪಲೆಲಿ ಹುಳಿ ಇಟ್ರೆ ಅತ್ತೆ ಬೈತಿದ್ರು. ಡ್ರಮ್ಮಿಗೆ ಸಿಪ್ಪೆ ಹಾಕಿದ್ರೆ ಯಾರೂ ಬೈಲಿಲ್ಲ ನೋಡಿ," ಎಂದಳು.

ಜಗದೀಶಣ್ಣಾ, ತಲೆ ತಗ್ಗಿಸಬೇಡಿ! ನಿಮ್ಮ ಮನೆಯ ಅಂಗಳದಲ್ಲೂ ಇದೇ ಡ್ರಮ್ಮು, ನಿಮ್ಮ ಮೊಮ್ಮಗಳು ಪ್ರಗತಿಯ ಕೈಯಲ್ಲೂ ಇದೇ ನೀರಿನ ಲೋಟ. ಕೇಡು ಬಯಸುವವನು ಮೊದಲ ಗುಟುಕು ತಾನೇ ಕುಡಿಯುತ್ತಾನೆಯೇ? ಶಾಲು ಒಯ್ಯುತ್ತೇನೆ. ಡ್ರಮ್ಮು ಇಲ್ಲೇ ಇರಲಿ. ಮುಂದಿನ ನಾಟಕದಲ್ಲಿ ಗುಡುಗಿಗೆ ಇದಕ್ಕಿಂತ ಒಳ್ಳೆಯ ಸಾಮಾನು ಸಿಗದು!

ಮಗಳಿಗೆ ಮೊನ್ನೆಯಿಂದ ಮಣ್ಣಿನ ಕೊಡದ ನೀರು. ಮನೆಯ ಡ್ರಮ್ಮನ್ನು ಪರೀಕ್ಷೆಗೆಂದು ಮುಚ್ಚಿಟ್ಟಿದ್ದೇನೆ. ಶಾಲು ಹೊದಿಸಿದ ಕೈಗಳಿಗೆ, ಸತ್ತಾಗಲೆಲ್ಲ ಚಪ್ಪಾಳೆ ತಟ್ಟಿದ ಕೈಗಳಿಗೆ, ಈ ದುಶ್ಶಾಸನನ ಕೃತಜ್ಞತೆ, ನಮಸ್ಕಾರ. ನಾಳೆ ಬೆಳಿಗ್ಗೆ ಎರಡು ಬಾಟಲಿ ತುಂಬುತ್ತೇನೆ, ಟೆಂಪೋದ ನೀರು ಒಂದು, ಡ್ರಮ್ಮಿನದು ಒಂದು. ಅವನ್ನು ಹಿಡಿದು ಕಾರವಾರದ ಮೊದಲ ಬಸ್ಸು ಹತ್ತುತ್ತೇನೆ. ಹತ್ತುವ ಮೊದಲು ಅಂಗಳದ ಡ್ರಮ್ಮನ್ನು ಮಗುಚುತ್ತೇನೆ. ಸದ್ದು ಕೇಳಿದವರು ಎದ್ದು ಬಂದು ನಿಮ್ಮದನ್ನೂ ಮಗುಚಿ.